ತ್ರಾಸ ಅಂದ್ರ ತೂಗ್ತಾರ

ಇವತ್ತು ನಳದ ನೀರು ಬರುವ ದಿನ. ನಮ್ಮ ನವನಗರದ ಓಣಿಯಲ್ಲಿ ನೀರಿನ ದಿನ ಯಾರೂ ಗಡಿಯಾರ ನೋಡಿ ಏಳುವುದಿಲ್ಲ, ಮೊದಲ ಮನೆಯ ಕೊಡದ ಸದ್ದಿಗೆ ಏಳುತ್ತೇವೆ. ನಾನೂ ಎದ್ದೆ. ಟಾಕಿಗೆ ಪೈಪು ಬಿಟ್ಟು, ಹಾಲು ಕಾಯಿಸಿ, ಜೋಳದ ಹಿಟ್ಟಿಗೆ ಎಸರಿಟ್ಟೆ. ನಮ್ಮ ಮನೆಯವರು ಪೇಪರು ಹುಡುಕುತ್ತ ಅಂಗಳದಲ್ಲಿ ಓಡಾಡುತ್ತಿದ್ದರು. ನಾನು ರೊಟ್ಟಿ ಬಡಿಯುವ ಜಾಗದಿಂದ, ಕಿಟಕಿಯ ಸರಳುಗಳ ನಡುವೆ, ಮೂಲೆಮನೆಯ ಹಿತ್ತಲು ಕಾಣುತ್ತದೆ. ನಿನ್ನೆ ಒಣಹಾಕಿದ್ದ ಎರಡು ಟವೆಲು ಹಾಗೇ ಇದ್ದವು.

ಆ ಮನೆಯಿಂದ ಕೆಲವು ತಿಂಗಳಿಂದ ಹಗಲೂ ರಾತ್ರಿ ಗುಂಯ್ ಅನ್ನುವ ಒಂದು ಸದ್ದು ಬರುತ್ತಿತ್ತು. ಉಸಿರಿಗೆ ಆಕ್ಸಿಜನ್ ಕೊಡುವ ಯಂತ್ರದ್ದು. ಮೊದಮೊದಲು ನಿದ್ದೆ ಕೆಡುತ್ತಿತ್ತು, ಆಮೇಲೆ ಅದಿಲ್ಲದೆ ನಿದ್ದೆ ಬರದಂತಾಯಿತು. ಇವತ್ತು ಎರಡನೇ ರೊಟ್ಟಿ ಹೆಂಚಿಗೆ ಹಾಕುವಾಗ ಆ ಸದ್ದು ಇಲ್ಲವೆಂದು ಗೊತ್ತಾಯಿತು. ಕರೆಂಟ್ ಹೋಗಿರಬೇಕು, ಸಿಲಿಂಡರಿಗೆ ನಳಿಗೆ ಹಚ್ಚಿರುತ್ತಾರೆ ಅಂದುಕೊಂಡೆ. ತಿರುಗಿ ನೋಡಿದರೆ ನಮ್ಮ ಫ್ರಿಜ್ಜಿನ ಸಣ್ಣ ಹಸಿರು ದೀಪ ಹತ್ತಿಯೇ ಇತ್ತು.

ಹಿಟ್ಟಿನ ಕೈಯಲ್ಲೇ ನಿಂತೆ. ಹೆಂಚಿನ ಮೇಲೆ ರೊಟ್ಟಿ ಕರಕಾಯಿತು. ಬಾಗಿಲಲ್ಲಿ ಮೂಲೆಮನೆಯ ಅಕ್ಕೋರ ತಮ್ಮ ಬಂದು ನಿಂತಿದ್ದರು.

"ವೈನಿ, ಯಕ್ಕ ಹೋದಳ್ರಿ," ಅಂದರು.

ಅಷ್ಟು ಹೇಳಿ, ಟಾಕಿ ತುಂಬಿ ಅಂಗಳಕ್ಕೆ ಹರಿಯುತ್ತಿದ್ದ ನೀರು ನೋಡಿ, ತಾವೇ ಹೋಗಿ ನಮ್ಮ ನಳ ಬಂದ್ ಮಾಡಿದರು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಇವರು ಬೇವೂರಿನ ಕನ್ನಡ ಸಾಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮಕ್ಕಳಿಗಷ್ಟೇ ಅಲ್ಲ, ಹಾಲಿನವನಿಗೆ, ಕಂಡಕ್ಟರನಿಗೆ, ಕಾಯಿಪಲ್ಲೆ ಮಾರುವವಳಿಗೆ ಎಲ್ಲರಿಗೂ ಅಕ್ಕೋರೇ. ಅವರ ಹೆಸರು ಬೇಕಾಗುತ್ತಿದ್ದದ್ದು ಬ್ಯಾಂಕಿನವರಿಗೆ ಮಾತ್ರ. ನಾನು ಧಾರವಾಡದಲ್ಲಿ ಕ್ರೈಸ್ತ ಸನ್ಯಾಸಿನಿಯರ ಇಂಗ್ಲಿಷ್ ಸಾಲಿಯಲ್ಲಿ ಕಲಿತವಳು. ನಮಗೆ ಮಿಸ್ ಇದ್ದರು, ಸಿಸ್ಟರ್ ಇದ್ದರು, ಅಕ್ಕೋರು ಅನ್ನುವ ಮಾತು ಬಾಯಿಗೆ ಬಂದದ್ದೇ ಇಲ್ಲ. ಮದುವೆಯಾಗಿ ಈ ಓಣಿಗೆ ಬಂದ ಹೊಸದರಲ್ಲಿ ಸಂಕ್ರಾಂತಿಯ ಎಳ್ಳು ಕೊಡಲು ಹೋಗಿ "ತಗೊಳ್ರಿ ಆಂಟಿ" ಅಂದೆ.

"ಆಂಟೀನ? ನಾ ಏನ್ ತುಟಿಗೆ ಬಣ್ಣಾ ಹಚ್ಕೊಂಡೇನೇನು? ಅಕ್ಕೋರು ಅನ್ನು. ಬಾಯಿ ತುಂಬ ಅನ್ನವಾ, ರೊಕ್ಕಾ ಬೀಳೂದಿಲ್ಲ."

ಎತ್ತರದ ಹೆಣ್ಣುಮಗಳು. ಇಳಕಲ್ಲಿನ ನೇಯುವವರ ಮನೆಯಲ್ಲಿ ಹುಟ್ಟಿದವರು. ಹಾಗಾಗಿ ಮಗ್ಗದ ಸೀರೆ ಬಿಟ್ಟು ಬೇರೆ ಉಟ್ಟಿದ್ದು ನಾನು ಕಂಡಿಲ್ಲ. ನಿರಿಗೆ ಹಿಡಿಯುವಾಗ ಕನ್ನಡಿ ನೋಡುತ್ತಿರಲಿಲ್ಲ. ಮಾತಾಡುತ್ತ, ಬೈಯುತ್ತ, ಒಲೆಯ ಮೇಲಿನ ಹಾಲು ನೋಡುತ್ತ ನಿರಿಗೆ ಮುಗಿದಿರುತ್ತಿತ್ತು, ಒಂದೂ ಹೆಚ್ಚು ಕಡಿಮೆ ಇರುತ್ತಿರಲಿಲ್ಲ. ಮದುವೆಯಾಗಿ ಬಂದದ್ದು ಹಳೆ ಬಾಗಲಕೋಟೆಗೆ. ಗಂಡ ಬೇಗ ತೀರಿದರು, ಮಕ್ಕಳಿಲ್ಲ. ಅಣೆಕಟ್ಟಿನ ಹಿನ್ನೀರು ಬಂದು ಆ ಮನೆ ಮುಳುಗುವುದಿದ್ದಾಗ, ಸಾಮಾನೆಲ್ಲ ಗಾಡಿಗೆ ಏರಿಸಿದ ಮೇಲೆ ಇವರು ಒಳಗೆ ಹೋಗಿ ಕಸ ಹೊಡೆದು ಬಂದರಂತೆ. ಗಾಡಿಯವನು, ನೀರಾಗ ಹೋಗೂ ಮನಿಗೆ ಕಸಬರಿಗೆ ಯಾಕ್ರಿ ಅಂದನಂತೆ. "ನೀರಾದ್ರೇನು, ಅದೂ ನಮ್ಮನಿಗೆ ಬರಾಕತ್ತೈತಲ್ಲ," ಅಂದರಂತೆ ಇವರು. ಇದನ್ನು ಹೇಳುವಾಗ ನಗುತ್ತಿದ್ದರು. ನನಗೆ ಯಾವತ್ತೂ ನಗು ಬರಲಿಲ್ಲ.

ನನಗೆ ಕನ್ನಡ ಓದಲು ಬರುತ್ತಿತ್ತು, ಎಡವುತ್ತ ಬರುತ್ತಿತ್ತು. ಒಂದು ರವಿವಾರ ಅವರ ಕಟ್ಟೆಯ ಮೇಲೆ ಕೂತು ಪೇಪರಿನಲ್ಲಿ ರಾಶಿಫಲ ಓದಿ ಹೇಳುತ್ತಿದ್ದೆ. ಧನಲಾಭ ಎಂದು ಬರೆದದ್ದನ್ನು ದನಲಾಭ ಎಂದು ಓದಿದೆ.

"ಛಲೋ ಆತು ಬಿಡು, ಹಾಲಿಂದರ ಚಿಂತಿ ಹೋತು," ಅಂದರು ಮೆಂತ್ಯ ಸೊಪ್ಪು ಸೋಸುತ್ತ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ಆಮೇಲೆ ನನ್ನ ಮುಖ ನೋಡಿ ಸುಮ್ಮನಾದರು. ಅವತ್ತಿನಿಂದ ಪ್ರತಿ ರವಿವಾರ ಪೇಪರು ಗಟ್ಟಿಯಾಗಿ ಓದಿಸಿದರು. ಮುಖಪುಟದಿಂದ ಹಿಡಿದು ಬೋರ್‌ವೆಲ್ ಜಾಹೀರಾತಿನವರೆಗೆ. "ಅಕ್ಷರ ನುಂಗಬ್ಯಾಡ. ಅಕ್ಷರ ನುಂಗಿದ್ರ ನಿನ್ನ ಹೊಟ್ಟಿನೂ ತುಂಬೂದಿಲ್ಲ, ಕೇಳಾವ್ರ ಕಿವಿನೂ ತುಂಬೂದಿಲ್ಲ."

ಸಾಲಿಯಲ್ಲಿ ಅವರದೊಂದು ಹಟವಿತ್ತು. ನಮ್ಮ ಕಡೆ ಯಾರಿಗೇ ಏನಾಗಲಿ, ಜ್ವರವಿರಲಿ, ಭೇದಿಯಿರಲಿ, ಎಲ್ಲದಕ್ಕೂ ಒಂದೇ ಮಾತು: ಆರಾಮ ಇಲ್ಲ. ಹಿಂದಿನ ದಿನ ಸಾಲಿ ತಪ್ಪಿಸಿದ ಮಕ್ಕಳೂ ಅದನ್ನೇ ಹೇಳುತ್ತಿದ್ದವು, "ಆರಾಮ ಇದ್ದಿಲ್ರಿ ಅಕ್ಕೋರ." ಇವರು ಬಿಡುತ್ತಿರಲಿಲ್ಲ. "ಎಲ್ಲಿ ಆರಾಮ ಇದ್ದಿಲ್ಲ? ತೆಲ್ಯಾಗೋ, ಹೊಟ್ಯಾಗೋ? ಕೈ ಹಚ್ಚಿ ತೋರಸು. ಸರಿಯಾಗಿ ಹೇಳಾಕ ಬರದಿದ್ರ ಡಾಕ್ಟರ್‌ಗೆ ಏನ್ ತಿಳೀತೈತಿ?" ಒಮ್ಮೆ ಒಂದು ಹುಡುಗಿ ಎದೆಯ ಮೇಲೆ ಕೈಯಿಟ್ಟು, "ಇಲ್ಲಿ ಆರಾಮ ಇಲ್ರಿ, ನಮ್ಮವ್ವ ಜಗಳಾಡಿ ತವರಿಗೆ ಹೋಗ್ಯಾಳ," ಅಂದಳಂತೆ. "ಆ ರಜಾ ಮಂಜೂರು ಮಾಡಿದೆ ನೋಡವಾ," ಎಂದು ನನಗೆ ಹೇಳಿ ಅಕ್ಕೋರು ಸೋಸುತ್ತಿದ್ದ ಸೊಪ್ಪು ಬದಿಗಿಟ್ಟರು.

ತಮ್ಮ ವಿಷಯಕ್ಕೆ ಮಾತ್ರ ಈ ನಿಯಮ ಇರಲಿಲ್ಲ. ಹಲ್ಲು ನೋವಿನಿಂದ ಗಲ್ಲ ಬಾತು ಕಣ್ಣು ಮುಚ್ಚಿದ್ದಾಗಲೂ, ಆರಾಮ ಅದೀರಿ ಎಂದು ಯಾರಾದರೂ ಕೇಳಿದರೆ "ಆರಾಮ" ಅನ್ನುತ್ತಿದ್ದರು. ಗಂಡ ತೀರಿದ ದಿನ ಬಾಗಿಲಿಗೆ ಬಂದವರಿಗೂ ಬಾಯಿತಪ್ಪಿ ಅದನ್ನೇ ಅಂದಿದ್ದರಂತೆ. "ರೂಢಿ ಆಗೇತವಾ. ಕೇಳಾವ್ರೂ ಕೇಳಬೇಕಂತ ಕೇಳ್ತಾರ, ನಾವೂ ಹೇಳಬೇಕಂತ ಹೇಳ್ತೇವಿ. ನಡುವ ಖರೆ ಎಲ್ಲಿಂದ ತರ್ಲಿ?"

ಖಾಯಿಲೆ ಶುರುವಾದದ್ದು ಕೈಯಿಂದ. ಹಲಗೆಯ ಮೇಲೆ ಬರೆಯುವಾಗ ಸೀಮೆಸುಣ್ಣ ಜಾರಿ ಬೀಳತೊಡಗಿತು. ಮಕ್ಕಳು ಎತ್ತಿ ಕೊಡುತ್ತಿದ್ದವು, ಇವರು ಮತ್ತೆ ಹಿಡಿಯುತ್ತಿದ್ದರು. ಒಂದು ಸಂಜೆ ನಮ್ಮ ಮನೆಯಲ್ಲಿ ಚಹಾದ ಬಶಿ ಕೈಯಿಂದ ಬಿತ್ತು. ಒಡೆದ ಚೂರುಗಳನ್ನು ಆರಿಸುತ್ತ, ಬೆರಳು ಮಡಚಲು ಬಾರದೆ, ಚೂರುಗಳನ್ನು ಅಂಗೈಯಿಂದ ತಳ್ಳಿ ಗುಡ್ಡೆ ಮಾಡಿದರು. ಅದನ್ನು ನಾನು ನೋಡಿದ್ದನ್ನು ಅವರೂ ನೋಡಿದರು.

ಬಾಗಲಕೋಟೆಯ ಡಾಕ್ಟರು ಹುಬ್ಬಳ್ಳಿಗೆ ಕಳಿಸಿದರು, ಹುಬ್ಬಳ್ಳಿಯವರು ಬೆಂಗಳೂರಿಗೆ. ಅಲ್ಲಿ ಖಾಯಿಲೆಗೆ ಒಂದು ಉದ್ದ ಹೆಸರು ಸಿಕ್ಕಿತು. ಕೈಯಿಂದ ಹಿಡಿದು ಮೆಲ್ಲಗೆ ಉಸಿರಿನವರೆಗೆ ಬರುವ ನರದ ಖಾಯಿಲೆ, ನಮ್ಮ ದೇಶದಲ್ಲಿ ಇದಕ್ಕೆ ಔಷಧವಿಲ್ಲ ಅಂದರು. ಜರ್ಮನಿಯ ಒಂದು ದವಾಖಾನೆಯಲ್ಲಿ ಹೊಸ ಔಷಧವೊಂದನ್ನು ಕೆಲವೇ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದಾರೆ, ಇವರ ರಕ್ತ ಅದಕ್ಕೆ ಹೊಂದಿದರೆ ಕರೆಸಿಕೊಳ್ಳುತ್ತಾರೆ, ಖರ್ಚೆಲ್ಲ ಅವರದೇ ಎಂದೂ ಹೇಳಿದರು. ಪರೀಕ್ಷೆಗೆ ರಕ್ತ ಹೋಯಿತು. ಹೊಂದಿತು.

ಸುದ್ದಿ ಓಣಿಯಲ್ಲಿ ಹಬ್ಬಿದಾಗ ಯಾರಿಗೂ ಖಾಯಿಲೆ ನೆನಪಿರಲಿಲ್ಲ. ಅಕ್ಕೋರು ವಿಮಾನ ಹತ್ತುತ್ತಾರೆ ಅನ್ನುವುದೇ ದೊಡ್ಡದಾಯಿತು. ಸಾಲಿಯವರು ಸತ್ಕಾರ ಇಟ್ಟುಕೊಂಡರು. ಹಾರ ಹಿಡಿದು ಮುಂದೆ ಬಂದ ಹೆಡ್‌ಮಾಸ್ತರರಿಗೆ ಇವರು ಮೈಕಿನಲ್ಲೇ, "ಸರ, ಹೋಗೂಮುಂದ ಹಾರ ಹಾಕಿದ್ರ ಫೋಟೋಕ್ಕ ಹಾಕಿದಂಗ ಅಕ್ಕೈತಿ. ತಿರುಗಿ ಬಂದಮ್ಯಾಲೆ ಹಾಕ್ರಿ," ಅಂದರು. ಎಲ್ಲರೂ ನಕ್ಕರು. ಹಾರವನ್ನು ಮೇಜಿನ ಮೇಲೆ ಇಟ್ಟರು.

ಹೊರಡುವ ಮುಂಚಿನ ರಾತ್ರಿ ನಾನು ಅವರ ಬ್ಯಾಗು ತುಂಬುತ್ತಿದ್ದೆ. ಕುರ್ಚಿಯಲ್ಲಿ ಕೂತು ಹೇಳಿಕೊಡುತ್ತಿದ್ದರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಣ್ಣೆಯ ಕಾಲುಚೀಲ. ಕೊನೆಗೆ, "ಒಂದು ಹೊಸಾ ಡಬ್ಬಿ ಖಡು ಇಡು," ಅಂದರು. ಖಡು ಅಂದರೆ ಸೀಮೆಸುಣ್ಣ.

"ಅಲ್ಲಿ ಯಾಕ್ರಿ ಅಕ್ಕೋರ?"

"ಕೈ ಬಂತಂದ್ರ ಮೊದಲ ಅದನ್ನ ಹಿಡದ ನೋಡ್ತೇನಿ. ಜೀವಾ ಉಳೀಲಿ ಅಂತ ಹೊಂಟಿಲ್ಲ ನಾ, ಅದು ಹೆಂಗೂ ಹೊಕ್ಕೈತಿ. ಇನ್ನೊಂದ ನಾಕ ವರ್ಷ ಹಲಗಿ ಮ್ಯಾಲೆ ಬರೀಬೇಕು, ಅಷ್ಟ."

ಜೊತೆಗೆ ಹೋದವರು ತಮ್ಮ. ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯ ಮೇಸ್ತ್ರಿ. ಹಿಂದೊಮ್ಮೆ ಮಾಲೀಕರ ಜೊತೆ ಕಲ್ಲಿನ ಪ್ರದರ್ಶನಕ್ಕೆ ಹೊರದೇಶಕ್ಕೆ ಹೋಗಿದ್ದರಿಂದ ಪಾಸ್‌ಪೋರ್ಟ್ ಇತ್ತು, ಧೈರ್ಯವೂ ಇತ್ತು. ಇಂಗ್ಲಿಷ್ ಮಾತ್ರ ಕಲ್ಲಿಗೆ ಬೇಕಾದಷ್ಟೇ. ಆ ದೇಶದಲ್ಲಿ ಇಳಿದಾಗ ಬ್ಯಾಗು ತಪಾಸಣೆ ಮಾಡುವವನು ಕಡಕ್ ರೊಟ್ಟಿಯ ಗಂಟು ಬಿಚ್ಚಿ, ಒಂದನ್ನು ಎತ್ತಿ ಬೆರಳಿನಿಂದ ಟಕಟಕ ಬಡಿದು ನೋಡಿದನಂತೆ. ತಮ್ಮ ಗಾಬರಿಯಾಗಿ "ನೋ ಸ್ಟೋನ್, ನೋ ಸ್ಟೋನ್! ಈಟ್!" ಎಂದು ಅದನ್ನು ಅವನೆದುರಿಗೇ ಕಟುಂ ಎಂದು ಕಡಿದು ತೋರಿಸಿದರಂತೆ. ಅಕ್ಕೋರು ಗಾಲಿಕುರ್ಚಿಯಲ್ಲಿ ಕೂತು, "ಇವನ್ನ ಕರಕೊಂಡ ಬಂದೇನಿ ನೋಡವಾ ದುಭಾಷಿ ಅಂತ," ಎಂದು ಫೋನಿನಲ್ಲಿ ನನಗೆ ಹೇಳಿ ನಕ್ಕದ್ದು ಈಗಲೂ ಕಿವಿಯಲ್ಲಿದೆ.

ದವಾಖಾನೆಯವರು ಕನ್ನಡ ಬಲ್ಲ ಒಬ್ಬ ದುಭಾಷಿಯನ್ನು ಹುಡುಕಿದ್ದರು. ಮೈಸೂರಿನ ಕಡೆಯ ಹುಡುಗಿ, ಅಲ್ಲೇ ಓದಲು ಬಂದವಳು, ಬಹಳ ಮರ್ಯಾದೆಯವಳು. "ತಾವು ಹೇಗಿದ್ದೀರಿ?" ಎಂದು ಕೇಳುತ್ತಿದ್ದಳಂತೆ. ಹೀಗೆ ಕೇಳಿಸಿಕೊಂಡರೆ ಅಕ್ಕೋರು, "ಸಾಹೇಬ್ರು ಇನ್‌ಸ್ಪೆಕ್ಷನ್ನಿಗೆ ಬಂದಂಗ ಆಗ್ತೈತಿ," ಎಂದು ಕುಳಿತಲ್ಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಉತ್ತರ ಒಂದೇ. ಆರಾಮ ಅದೇನ್ರಿ.

ಮೊದಲ ಸೂಜಿಗಳಾದ ಮೇಲೆ ಒಂದು ದಿನ, ಅವರ ಜೀವಮಾನದಲ್ಲಿ ಅಪರೂಪಕ್ಕೆ, ಅಕ್ಕೋರು ಖರೆ ಹೇಳಿದರು. ಹೊಟ್ಟೆಯಲ್ಲಿ ಸಂಕಟ, ತಲೆ ತಿರುಗುವುದು. "ಭಾಳ ತ್ರಾಸ ಆಗಾಕತ್ತೈತ್ರಿ," ಅಂದರು. ನಮಗೆ ತ್ರಾಸ ಅಂದರೆ ಕಷ್ಟ, ನೋವು. ಆ ಹುಡುಗಿಯ ಊರಿನಲ್ಲಿ ತ್ರಾಸು ಅಂದರೆ ತಕ್ಕಡಿ. ಅವಳು ಯೋಚಿಸಿ ಯೋಚಿಸಿ, ರೋಗಿಗೆ ತೂಕದ ಬಗ್ಗೆ ಏನೋ ಚಿಂತೆಯಿದೆ ಎಂದು ನರ್ಸಿಗೆ ಹೇಳಿದಳು. ನರ್ಸು ತೂಕದ ಯಂತ್ರ ತಂದಳು. ಇಬ್ಬರು ಹಿಡಿದು ನಿಲ್ಲಿಸಿ ತೂಗಿದರು. ಅಕ್ಕೋರು ಇನ್ನೂ ಗಟ್ಟಿಯಾಗಿ "ಅಯ್ಯ, ತ್ರಾಸ ಅಂತೇನ್ರಿ, ತ್ರಾಸ!" ಅಂದರು. ಅವರು ಕಾಲಿನ ಚಪ್ಪಲಿ ಬಿಡಿಸಿ ಮತ್ತೊಮ್ಮೆ ತೂಗಿದರು.

ತಮ್ಮ ಇದನ್ನು ಫೋನಿನಲ್ಲಿ ಹೇಳುವಾಗ ನಮ್ಮ ಮನೆಯವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಹಿಂದಿನಿಂದ ಅಕ್ಕೋರ ದನಿ ಸಣ್ಣಗೆ ಕೇಳಿತು: "ತಿಳೀತವಾ ನನಗ. ತ್ರಾಸ ಅಂದ್ರ ತೂಗ್ತಾರ, ಆರಾಮ ಅಂದ್ರ ಬಿಡ್ತಾರ."

ಹೀಗೆ ನಾನು ನಡುವೆ ಬಂದೆ. ಇವರ ಮಾತು ಗೊತ್ತಿದ್ದು ಇಂಗ್ಲಿಷೂ ಬರುವ ಯಾರಾದರೂ ಇದ್ದರೆ ಒಳ್ಳೆಯದು ಎಂದು ಅಲ್ಲಿನ ಡಾಕ್ಟರೇ ಕೇಳಿದರಂತೆ. ಸೂಜಿಯ ದಿನ ದವಾಖಾನೆಯಲ್ಲಿ ಆ ಹುಡುಗಿ ಇರುತ್ತಿದ್ದಳು. ಉಳಿದಂತೆ ಅಕ್ಕೋರು, ತಮ್ಮ ಇಬ್ಬರೂ ಹತ್ತಿರದ ಒಂದು ಕೋಣೆಯಲ್ಲಿ ಇರುತ್ತಿದ್ದರು. ವಾರಕ್ಕೊಮ್ಮೆ ಡಾಕ್ಟರು ವಿಡಿಯೋ ಫೋನಿನಲ್ಲಿ ವಿಚಾರಿಸುವಾಗ ನಾನು ಇಲ್ಲಿಂದ ಸೇರಿಕೊಳ್ಳುತ್ತಿದ್ದೆ. ನಮಗೆ ಮಧ್ಯಾಹ್ನ, ಅವರಿಗೆ ಬೆಳಿಗ್ಗೆ. ಉಪ್ಪಿನಕಾಯಿ ಭರಣಿಗೆ ಫೋನು ಒರಗಿಸಿ ಕೂರುತ್ತಿದ್ದೆ. ಡಾಕ್ಟರು ವಯಸ್ಸಾದ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವರು. ನನಗೆ ತಿಳಿಯಲೆಂದು ಇಂಗ್ಲಿಷನ್ನು ಮೆಲ್ಲಗೆ, ಒಂದೊಂದೇ ಪದ ಇಟ್ಟು ಮಾತಾಡುತ್ತಿದ್ದರು.

ಮೊದಲ ದಿನವೇ ನನಗೆ ಒಂದು ಹೊಳೆಯಿತು. ಹೇಗಿದ್ದೀರಿ ಎಂದು ಕೇಳಿದರೆ ಪ್ರಯೋಜನವಿಲ್ಲ. ಹಾಗಾಗಿ ಡಾಕ್ಟರು ಅದನ್ನು ಕೇಳಿದಾಗ ನಾನು, "ಊಟ ಆತೇನ್ರಿ? ಏನ್ ಉಂಡ್ರಿ?" ಎಂದು ಕೇಳುತ್ತಿದ್ದೆ. ಆಗ ತಾನಾಗಿ ಎಲ್ಲ ಬರುತ್ತಿತ್ತು. "ಎಲ್ಲೀದು, ಬಾಯಿಗಿ ಇಟ್ರ ವಾಕರಿಕಿ. ನಿನ್ನಿ ಒಂದು ಚೂರು ರೊಟ್ಟಿ ಹಾಲಾಗ ನೆನಸಿ ತಿಂದೆ. ರಾತ್ರಿ ನಿದ್ದಿ ಇಲ್ಲ." ಅದನ್ನು ನಾನು ಅವರಿಗೆ ಹೇಳುತ್ತಿದ್ದೆ. ಒಂದು ಊಟದ ಪ್ರಶ್ನೆಗೆ ಇಷ್ಟು ಉತ್ತರವೇ ಎಂದು ಡಾಕ್ಟರು ಬೆರಗಾಗುತ್ತಿದ್ದರು.

ಔಷಧ ಹಿಡಿಯಿತು. ಅದನ್ನು ನಾನು ಕಣ್ಣಾರೆ ಕಂಡೆ. ಒಂದು ಮಧ್ಯಾಹ್ನ ಫೋನು ಹಚ್ಚಿದರೆ ಅಕ್ಕೋರು ಎದ್ದು ನಿಂತಿದ್ದರು. "ನೋಡಿಲ್ಲಿ," ಎಂದು ಸೀರೆಯ ನಿರಿಗೆ ತೋರಿಸಿದರು. ಹೆಚ್ಚುಕಡಿಮೆಯಾಗಿತ್ತು, ಒಂದು ಕಡೆ ಜೋತಿತ್ತು, ಆದರೆ ತಾವೇ ಹಿಡಿದದ್ದು. ಇನ್ನೊಂದು ವಾರ ಗೋಡೆಗೆ ಒಂದು ಕಪ್ಪು ರಟ್ಟು ಅಂಟಿಸಿಕೊಂಡು ಅದರ ಮೇಲೆ ಸೀಮೆಸುಣ್ಣದಿಂದ ಅ ಆ ಇ ಈ ಬರೆದಿದ್ದರು. 'ಈ' ಅಕ್ಷರದ ಬಾಲ ನಡುಗಿತ್ತು.

"ಕೈ ಬಂತವಾ!" ಅಂದರು. "ನನ್ನ ಕೈ ನನಗ ಬಂತು."

ಹಿಂದೆ ನಿಂತಿದ್ದ ತಮ್ಮ ಕಣ್ಣೊರೆಸಿಕೊಂಡರು. ಡಾಕ್ಟರೂ ಚಪ್ಪಾಳೆ ತಟ್ಟಿದರು.

ಅದಾಗಿ ಸ್ವಲ್ಪ ದಿನಕ್ಕೆ ನನಗೆ ಅವರ ಮಾತು ಬೇರೆಯಾಗಿ ಕೇಳಿಸತೊಡಗಿತು. ಅಕ್ಕೋರು ಒಂದೇ ಉಸಿರಿಗೆ ಗಾದೆ, ಬೈಗುಳ, ಬುದ್ಧಿಮಾತು ಮೂರನ್ನೂ ಹೇಳಿ ಮುಗಿಸುವವರು. ಈಗ ಗಾದೆಯ ನಡುವೆ ನಿಲ್ಲುತ್ತಿದ್ದರು, ಏನೋ ನೆನಪಿಸಿಕೊಳ್ಳುವವರ ಹಾಗೆ. ಬೆನ್ನ ಹಿಂದೆ ಒಂದಿದ್ದ ದಿಂಬು ಈಗ ಒಂದರ ಮೇಲೊಂದು ಏರಿತ್ತು. ಕೊರಳ ಕೆಳಗಿನ ಗುಣಿ ಪ್ರತಿ ಉಸಿರಿಗೆ ಒಳಗೆ ಹೋಗುತ್ತಿತ್ತು. ಊಟದ ಪ್ರಶ್ನೆಗೂ ಈಗ ಚುಟುಕು ಉತ್ತರ: "ಆತು. ಛಲೋ ಆತು."

ಒಂದು ದಿನ ಡಾಕ್ಟರು ಸೇರುವ ಮೊದಲೇ ಕೇಳಿದೆ. "ಅಕ್ಕೋರ, ಉಸಿರಿಗೆ ತ್ರಾಸ ಆಗಾಕತ್ತೈತೇನು?"

ಅವರು ನಗಲು ಹೋದರು, ಕೆಮ್ಮು ಬಂತು. ಅವರ ತಮ್ಮ ಫೋನು ತೆಗೆದುಕೊಂಡು ಬಾಗಿಲ ಹೊರಗೆ ಬಂದರು.

"ವೈನಿ, ಮಕ್ಕೊಂಡ್ರ ಉಸಿರ ಸಿಗವಲ್ದು. ಕುಂತ ನಿದ್ದಿ ಮಾಡ್ತಾಳ. ಆದ್ರ ಡಾಕ್ಟರ್‌ಗೆ ಹೇಳಬ್ಯಾಡಂತ ಆಣಿ ಹಾಕ್ಯಾಳ್ರಿ. ಉಸಿರಿಗೆ ಏನರ ಆದ್ರ ಔಷಧ ಬಂದ್, ಮನಿಗೆ ಅಂತ ಮೊದಲ ದಿನಾನ ಹೇಳಿದ್ರು. ಕೈ ಬಂದೈತಲ್ರಿ, ಅದು ಹೊಕ್ಕೈತಂತ..."

ಅಷ್ಟರಲ್ಲಿ ಡಾಕ್ಟರು ಬಂದರು. ತಮ್ಮ ಒಳಗೆ ಹೋಗಿ ಫೋನನ್ನು ಅಕ್ಕೋರ ಎದುರು ಇಟ್ಟರು. ಡಾಕ್ಟರು ಕೈ ಹೇಗಿದೆ, ಹಸಿವು ಹೇಗಿದೆ ಎಂದು ಕೇಳುತ್ತ ಬಂದು, ಕೊನೆಗೆ, ಮಲಗಿದಾಗ ಉಸಿರಾಡಲು ತೊಂದರೆ ಆಗುತ್ತದೆಯೇ ಕೇಳಿ ಅಂದರು. ನಾನು ಕೇಳಿದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ, ಅವರು ಕೇಳಿದ ಹಾಗೇ ಕೇಳಿದೆ.

ಅಕ್ಕೋರು ನನ್ನನ್ನೇ ನೋಡಿದರು. ಫೋನಿನಲ್ಲಿ ನೋಡುವವರ ಕಣ್ಣು ಸಾಮಾನ್ಯವಾಗಿ ಸ್ವಲ್ಪ ಕೆಳಗೆ ಬೀಳುತ್ತದೆ. ಅವತ್ತು ನೇರವಾಗಿ ನನ್ನ ಕಣ್ಣಿಗೇ ಬಂತು.

"ನಾ ಆರಾಮ ಅದೇನಿ ಅಂತ ಹೇಳವಾ," ಅಂದರು.

ಡಾಕ್ಟರು ಕಾಯುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ: "'ನಾನು ಆರಾಮ ಇದ್ದೇನೆ ಅಂತ ಹೇಳು' ಎಂದು ನನಗೆ ಹೇಳುತ್ತಿದ್ದಾರೆ."

ಡಾಕ್ಟರು ಕನ್ನಡಕ ತೆಗೆದರು. ಅದು ದಾರಕ್ಕೆ ಜೋತು ಎದೆಯ ಮೇಲೆ ತೂಗಿತು. "ಹಾಗೆ ಹೇಳು ಅಂದರೇ?" ಎಂದು ಕೇಳಿದರು. ಹೌದು ಅಂದೆ. ಅವತ್ತೇ ಮಧ್ಯಾಹ್ನ ದವಾಖಾನೆಗೆ ಕರೆತನ್ನಿ ಅಂದರು. ಅದನ್ನೂ ನಾನೇ ಕನ್ನಡದಲ್ಲಿ ಅಕ್ಕೋರಿಗೆ ಹೇಳಬೇಕಾಯಿತು. ಹೇಳಿದೆ. "ಹೂಂ," ಅಂದರು, ಅಷ್ಟೇ.

ಅಲ್ಲಿ ಪರೀಕ್ಷಿಸಿದಾಗ ಶ್ವಾಸಕೋಶ ಅರ್ಧ ದುರ್ಬಲವಾಗಿತ್ತು. ಔಷಧದಿಂದ ಆದದ್ದೋ, ಖಾಯಿಲೆಯೇ ಮುಂದುವರಿದದ್ದೋ, ಹೇಳಲಾಗದು ಅಂದರು. ಔಷಧದಿಂದ ಆಗಿದ್ದರೆ ಮುಂದಿನ ಸೂಜಿ ಅಲ್ಲೇ ಜೀವ ತೆಗೆಯುತ್ತಿತ್ತು. ಖಾಯಿಲೆಯಿಂದ ಆಗಿದ್ದರೆ ಆ ಸೂಜಿಯೇ ಉಳಿಸುತ್ತಿತ್ತೇನೋ. ನಿಯಮಕ್ಕೆ ಎರಡೂ ಒಂದೇ. ಔಷಧ ನಿಲ್ಲಿಸಿದರು. ಸ್ವಲ್ಪ ಸುಧಾರಿಸುವವರೆಗೆ ಇಟ್ಟುಕೊಂಡು, ವಿಮಾನದಲ್ಲಿ ಆಕ್ಸಿಜನ್ ವ್ಯವಸ್ಥೆ ಮಾಡಿ ಕಳಿಸಿದರು.

ತಿರುಗಿ ಬಂದಾಗ ಯಾರೂ ಹಾರ ತರಲಿಲ್ಲ. ಓಣಿಯವರು ಬಂದು, ಹೊರದೇಶ ಹ್ಯಾಂಗಿತ್ರಿ ಎಂದು ಕೇಳಿದರು. ಮೂಗಿಗೆ ನಳಿಗೆ ಹಾಕಿಕೊಂಡು ಕೂತವರನ್ನು, "ಆರಾಮ ಅದೀರಿ?" ಎಂದೂ ಕೇಳಿದರು. ಅಕ್ಕೋರು ತಲೆ ಆಡಿಸಿದರು. ಬಂದ ಕೈ ಬಂದಷ್ಟೇ ಬೇಗ ಹೋಯಿತು. ಮೊದಲು ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈ. ಬ್ಯಾಗಿನಿಂದ ತೆಗೆದ ಸೀಮೆಸುಣ್ಣದ ಡಬ್ಬಿಯನ್ನು ಅಕ್ಕೋರ ತಮ್ಮ ಬೇವೂರಿನ ಸಾಲಿಗೆ ಕಳಿಸಿಬಿಟ್ಟರು.

ನಾನು ದಿನಾ ಹೋಗುತ್ತಿದ್ದೆ. ಪೇಪರು ಓದುತ್ತಿದ್ದೆ, ಈಗ ರವಿವಾರವೆಂದೇನಿಲ್ಲ. ತಪ್ಪು ಓದಿದರೆ ಹುಬ್ಬು ಏರಿಸುತ್ತಿದ್ದರು, ತಿದ್ದಿ ಓದುತ್ತಿದ್ದೆ. ಆ ಫೋನಿನ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ತಮ್ಮ ಇಳಕಲ್ಲಿನ ಕೆಲಸ ಬಿಟ್ಟು ಬಂದು ಅಡುಗೆ ಮಾಡುತ್ತಿದ್ದರು, ಅಕ್ಕನಿಗೆ ತುತ್ತು ಮಾಡಿ ಉಣಿಸುತ್ತಿದ್ದರು. ಅನ್ನ ಉಣಿಸುವಾಗ ಆ ದೊಡ್ಡ ಕಲ್ಲುಕೆಲಸದ ಬೆರಳುಗಳು ಹಕ್ಕಿಯ ಕೊಕ್ಕಿನಷ್ಟು ಸಣ್ಣಗಾಗುತ್ತಿದ್ದವು.

ಹೋದ ವಾರ ಒಂದು ಮಧ್ಯಾಹ್ನ ಪೇಪರು ಮಡಚಿ ಎದ್ದವಳನ್ನು ಕಣ್ಣಿನಿಂದಲೇ ಕೂರಿಸಿದರು. ಒಂದೊಂದೇ ಮಾತು, ನಡುನಡುವೆ ಯಂತ್ರದ ಸದ್ದು.

"ಅವತ್ತ... ಆಕಿ ಏನ್ ಕೇಳಿದ್ಲು. ನಾ ಏನಂದೆ. ನೀ ಏನಂದಿ. ಇನ್ನೊಮ್ಮೆ ಹೇಳು."

ಹೇಳಿದೆ. ಡಾಕ್ಟರ ಮಾತು ಇಂಗ್ಲಿಷಿನಲ್ಲಿ, ಅವರ ಮಾತು ಕನ್ನಡದಲ್ಲಿ, ನನ್ನದು ಇಂಗ್ಲಿಷಿನಲ್ಲಿ. ನಂತರ ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು, ಮಕ್ಕಳ ಪಾಠ ಒಪ್ಪಿಸಿಕೊಳ್ಳುವವರ ಹಾಗೆ.

"ಸರಿ ಐತಿ," ಅಂದರು. "ಒಂದಕ್ಷರ ನುಂಗಿಲ್ಲ."

ಯಂತ್ರ ಗುಂಯ್ ಅನ್ನುತ್ತಿತ್ತು. ನಾನು ಎದ್ದೆ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕೇಳಿತು.

"ನುಂಗಿದ್ರ... ಛಲೋ ಇತ್ತವಾ."

ಬೈದದ್ದೋ, ಬಯಸಿದ್ದೋ, ನನ್ನನ್ನು ಸಮಾಧಾನ ಮಾಡಿದ್ದೋ ನನಗೆ ತಿಳಿಯಲಿಲ್ಲ. ಮತ್ತೆ ಕೇಳಲು ಧೈರ್ಯವಾಗಲಿಲ್ಲ. ಮರುದಿನ ಪೇಪರು ಓದುವಾಗ ಅವರಿಗೆ ನಿದ್ದೆ ಹತ್ತಿತ್ತು. ಆಮೇಲೆ ಅವರು ಮಾತಾಡಿದ್ದು ತಮ್ಮನ ಜೊತೆ, ನೀರು, ದಿಂಬು ಇಷ್ಟೇ.

ಇವತ್ತು ನಾವು ನಾಲ್ಕು ಹೆಣ್ಣುಮಕ್ಕಳು ಮೈ ತೊಳೆದೆವು. ತೂಕವೇ ಇರಲಿಲ್ಲ. ಸೀರೆಯನ್ನು ತಮ್ಮ ತೆಗೆದುಕೊಟ್ಟರು, ತವರಿನ ಮಗ್ಗದ್ದು, ಕೆಂಪು ಸೆರಗಿನದು. ನಿರಿಗೆ ನಾನು ಹಿಡಿದೆ. ಮೊದಲ ಸಲ ಸರಿಬರಲಿಲ್ಲ, ಬಿಚ್ಚಿ ಮತ್ತೆ ಹಿಡಿದೆ. ಬೇವೂರಿನಿಂದ ಒಂದು ಬಸ್ಸು ತುಂಬ ಮಕ್ಕಳು ಬಂದಿದ್ದವು. ಯಾರೂ ಹೇಳದೆಯೇ ಎತ್ತರದ ಪ್ರಕಾರ ಸಾಲಾಗಿ ನಿಂತವು, ಗಿಡ್ಡವು ಮುಂದೆ. ಅಳುವುದೋ ಬೇಡವೋ ಗೊತ್ತಾಗದೆ ಒಂದರ ಮುಖ ಒಂದು ನೋಡಿದವು. ಹೊತ್ತು ಇಳಿಯುವ ಮೊದಲು ಮಣ್ಣು ಮಾಡಿ ಬಂದರು. ತಮ್ಮ ಒಳಗೆ ಹೋದವರು ಯಂತ್ರದ ವಾಯರು ಸುತ್ತಿ, ನಳಿಗೆ ಒರೆಸಿ, ಮೂಲೆಗಿಟ್ಟು, ಆ ಕೋಣೆಯ ಕಸ ಹೊಡೆದರು.

ನಾನು ಸ್ನಾನ ಮಾಡಿ ತಲೆ ಒರೆಸುತ್ತ ಅಂಗಳದಲ್ಲಿ ನಿಂತಿದ್ದೆ. ಒಲೆ ಹೊತ್ತಿಸುವ ಮನಸ್ಸಿರಲಿಲ್ಲ. ಎದುರುಮನೆಯಾಕೆ ಡಬ್ಬಿಯಲ್ಲಿ ಅನ್ನ, ಬೇಳೆಸಾರು ತಂದುಕೊಟ್ಟಳು. ಒಳ್ಳೆಯ ಹೆಂಗಸು, ಸಾವಿನ ಮನೆಯಲ್ಲಿ ಬೆಳಗಿನಿಂದ ಚಹಾ ಮಾಡಿದವಳು ಅವಳೇ. ಪಾಪ, ಅಷ್ಟ ದೂರ ಹೋಗಿ ಬಂದ್ರು ಅಂದಳು. ಸಂಜಿಗೆ ಸೊಳ್ಳಿ ಭಾಳ ಆಗ್ಯಾವು ಅಂದಳು. ನಾನು ಹೂಂಗುಟ್ಟಿದೆ. ಮೆಟ್ಟಿಲು ಇಳಿದವಳು ಏನೋ ನೆನಪಾಗಿ ತಿರುಗಿದಳು.

"ನಮ್ಮತ್ತೀದು ಹುಬ್ಬಳ್ಳಿಯಿಂದ ರಿಪೋರ್ಟ್ ಬಂದೈತ್ರಿ, ಬರೇ ಇಂಗ್ಲಿಷು. ನಾಳಿ ಪುರುಸೊತ್ತಾದ್ರ ಬಂದು ಅವರ ಮುಂದ ಒಂಚೂರು ಓದಿ ಹೇಳ್ರಿ. ಹಂಗ, ಕೆಟ್ಟದ್ದೇನರ ಬರದಿದ್ರ ಅದೊಂದ ಬಿಟ್ಟು ಓದ್ರಿ, ಆತ?"